ಎರಡು ಮಂಚಗಳ ನಡುವಿನ ಗರಡಿ

ಧಾರವಾಡದ ಸಪ್ತಾಪುರದ ಕಡೆ ಓದುವ ಹುಡುಗರಿಗೆ ಬಾಡಿಗೆಗೆ ಸಿಗುವ ರೂಮಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅದರೊಳಗೆ ಆರಡಿ ಉದ್ದ, ಮೂರಡಿ ಅಗಲದ ಮೂರು ಕಬ್ಬಿಣದ ಮಂಚ. ಮಂಚಗಳೇ 54 ಚದರಡಿ ಹಿಡಿಯುತ್ತವೆ. ಉಳಿದದ್ದರಲ್ಲಿ ಒಂದು ಟೇಬಲ್ಲು, ಕಪಾಟು, ಬಾಗಿಲು ತೆರೆಯಲು ಬೇಕಾದ ಜಾಗ, ಮೂವರ ಬ್ಯಾಗು, ಬಕೆಟ್ಟು, ಪುಸ್ತಕದ ರಾಶಿ. ಇಷ್ಟೆಲ್ಲ ಕಳೆದ ಮೇಲೆ ಎರಡು ಮಂಚಗಳ ನಡುವೆ ಎರಡೂವರೆ ಅಡಿಯ ಒಂದು ಸಂದು ಉಳಿಯುತ್ತದೆ. ಕೆಎಎಸ್, ಪಿಎಸ್‌ಐ, ಶಿಕ್ಷಕರ ನೇಮಕಾತಿ ಎಂದು ಊರು ಬಿಟ್ಟು ಬಂದವರು ದಿನಕ್ಕೆ ಹತ್ತು ಹನ್ನೆರಡು ತಾಸು ಕೂತು ಕಳೆಯುವುದು ಇಂಥ ರೂಮಿನಲ್ಲಿ. ವ್ಯಾಯಾಮದ ಮಾತು ಎತ್ತಿದರೆ ಉತ್ತರ ತಯಾರಿರುತ್ತದೆ: “ಸರ, ಜಾಗಾ ಎಲ್ಲೈತ್ರೀ?”

ಆ ಸಂದು ಸಾಕು. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಅಳತೆಯ ಮಾತು. ಅಂಗಡಿಯಲ್ಲಿ ಸಿಗುವ ಯೋಗದ ಚಾಪೆಯ ಅಗಲ ಎರಡಡಿ, ಉದ್ದ ಆರಡಿಗಿಂತ ಸ್ವಲ್ಪ ಕಡಿಮೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯಿಂದ ಬೆಳೆದ ಪದ್ಧತಿಗಳು ಇಂದು ಜಗತ್ತಿನ ಮೂಲೆಮೂಲೆಯಲ್ಲಿವೆ. ಅವನ್ನು ಕಲಿಯುವ ಪ್ರತಿಯೊಬ್ಬರಿಗೂ ಸಿಗುವುದು ಅಷ್ಟೇ ಜಾಗ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲೇ ಎಂಬುದನ್ನೂ ಇಲ್ಲಿ ನೆನೆಯಬೇಕು. ಗರಡಿಮನೆಯ ದಂಡಕ್ಕೂ ಬೇಕಾದದ್ದು ಹೊಡೆಯುವವನ ಮೈಯಷ್ಟು ಉದ್ದದ ನೆಲ. ಬಸ್ಕಿಗಂತೂ ಎರಡು ಪಾದ ಊರುವಷ್ಟಿದ್ದರೆ ಆಯಿತು. ಶಾಲೆಯಲ್ಲಿ ಕಿವಿ ಹಿಡಿಸಿ ಬಸ್ಕಿ ಹೊಡೆಸಿ ಹೊಡೆಸಿ ನಮ್ಮ ಮೇಷ್ಟ್ರುಗಳು ಅದನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿಬಿಟ್ಟರು. ಇದು ನಮ್ಮ ಮಕ್ಕಳಿಗೆ ಆದ ದೊಡ್ಡ ನಷ್ಟ ಎಂದೇ ನನ್ನ ಭಾವನೆ. ತೊಡೆ, ಸೊಂಟ, ಮಂಡಿಗೆ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ವ್ಯಾಯಾಮ ಇಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಜಿಮ್ಮಿನಲ್ಲಿ ಭಾರ ಏರಿಸುವುದು ಸುಲಭ. ಇಂದು ಹತ್ತು ಕಿಲೋ, ಮುಂದಿನ ವಾರ ಹನ್ನೆರಡೂವರೆ. ರೂಮಿನಲ್ಲಿ ಇರುವುದು ನಮ್ಮದೇ ಮೈಭಾರ, ಅದು ವಾರಕ್ಕೊಮ್ಮೆ ಬದಲಾಗುವುದಿಲ್ಲ. ಮೊದಲ ದಿನ ಹತ್ತು ದಂಡ ಹೊಡೆಯಲು ಒದ್ದಾಡಿದವನು ತಿಂಗಳು ಕಳೆಯುವಷ್ಟರಲ್ಲಿ ಮೂವತ್ತು ಹೊಡೆಯುತ್ತಾನೆ. ಆಮೇಲೆ ಅವೇ ಮೂವತ್ತನ್ನು ವರ್ಷವಿಡೀ ಹೊಡೆದು, ಮೈಯಲ್ಲಿ ಏನೂ ಬದಲಾಗಲಿಲ್ಲ ಎಂದು ಬಿಟ್ಟುಬಿಡುತ್ತಾನೆ. ರೂಮಿನ ವ್ಯಾಯಾಮ ಸೋಲುವುದು ಇಲ್ಲಿ. ಒಂದೇ ಚಲನೆಯನ್ನು, ಕಾಸು ಖರ್ಚಿಲ್ಲದೆ, ದಿನದಿಂದ ದಿನಕ್ಕೆ ಕಠಿಣ ಮಾಡುತ್ತ ಹೋಗುವುದು ಹೇಗೆ ಎಂಬುದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಪುಷ್‌ಅಪ್ ಒಂದನ್ನೇ ಹತ್ತಿರದಿಂದ ನೋಡೋಣ. ನೆಲದ ಮೇಲೆ ಅಂಗೈ ಊರಿ ಮಾಡುವ ಸಾಮಾನ್ಯ ಪುಷ್‌ಅಪ್‌ನಲ್ಲಿ ಕೈಗಳ ಮೇಲೆ ಬೀಳುವುದು ಮೈತೂಕದ ಸುಮಾರು 64 ಶೇಕಡಾ. ಅರವತ್ತು ಕಿಲೋ ತೂಗುವ ಹುಡುಗನಿಗೆ ಅದು 38 ಕಿಲೋ ಆಯಿತು. ಅದೇ ಹುಡುಗ ಎರಡಡಿ ಎತ್ತರದ ಆಸರೆಯ ಮೇಲೆ ಅಂಗೈ ಊರಿದರೆ ಭಾರ 41 ಶೇಕಡಾಕ್ಕೆ ಇಳಿಯುತ್ತದೆ, ಅಂದರೆ 25 ಕಿಲೋ. ಮಂಚ ಸಾಮಾನ್ಯವಾಗಿ ಒಂದೂವರೆ ಅಡಿ ಎತ್ತರ ಇರುವುದರಿಂದ ಅದರ ಪಟ್ಟಿಯ ಮೇಲೆ ಕೈಯಿಟ್ಟರೆ ಹೆಚ್ಚುಕಡಿಮೆ ಮೈಯ ಅರ್ಧ ತೂಕ. ತಿರುಗಿ ನಿಂತು, ಪಾದವನ್ನು ಮಂಚದ ಮೇಲಿಟ್ಟು ಕೈಯನ್ನು ನೆಲಕ್ಕೆ ಊರಿದರೆ ಎಪ್ಪತ್ತು ಶೇಕಡಾ ದಾಟುತ್ತದೆ. ಒಂದೇ ಮಂಚ, ಒಂದೇ ಹುಡುಗ. ಗೋಡೆಯಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ, ಕೊನೆಗೆ ಪಾದ ಮೇಲೆ. ಜಿಮ್ಮಿನ ತೂಕದ ಸಾಲು ಮಾಡುವ ಕೆಲಸವನ್ನು ಈ ಇಳಿಜಾರು ಮಾಡುತ್ತದೆ. ಒಂದು ಎಚ್ಚರಿಕೆ: ಟೈಲ್ಸ್ ನೆಲದ ಮೇಲೆ ಕಬ್ಬಿಣದ ಮಂಚ ಜಾರುತ್ತದೆ. ಮಂಚದ ಇನ್ನೊಂದು ಬದಿ ಗೋಡೆಗೆ ತಾಗಿದೆಯೇ ಎಂದು ನೋಡಿಕೊಂಡೇ ಕೈ ಊರಬೇಕು. ಪ್ಲಾಸ್ಟಿಕ್ ಕುರ್ಚಿಯನ್ನಂತೂ ನಂಬಬಾರದು.

ಇಳಿಜಾರು ಮುಗಿದ ಮೇಲೆ ವೇಗ ಇದೆ. ಕೆಳಗೆ ಇಳಿಯಲು ನಾಲ್ಕು ಎಣಿಕೆ, ಕೆಳಗೆ ತಡೆದು ನಿಲ್ಲಲು ಎರಡು, ಏರಲು ಒಂದು. ಇಪ್ಪತ್ತು ಬಸ್ಕಿಯನ್ನು ಧಡಧಡ ಹೊಡೆಯುವವನು ಹೀಗೆ ಹತ್ತು ಹೊಡೆದು ನೋಡಲಿ, ತೊಡೆ ನಡುಗುತ್ತದೆ. ಅದಕ್ಕೂ ಮೈ ಒಗ್ಗಿತೋ, ಹಿಂಗಾಲನ್ನು ಮಂಚದ ಮೇಲಿಟ್ಟು ಒಂದೇ ಕಾಲಿನ ಮೇಲೆ ಇಳಿದು ಏಳುವುದು. ಎರಡು ಕಾಲು ಹೊರುತ್ತಿದ್ದ ಭಾರದ ಬಹುಪಾಲು ಈಗ ಒಂದೇ ಕಾಲಿಗೆ ಬೀಳುತ್ತದೆ. ಕಾಲಿನ ಬಲಕ್ಕೆ ಯಂತ್ರ ಬೇಕು ಎನ್ನುವವರು ಇದನ್ನು ಮೂರು ವಾರ ಮಾಡಿ ಆಮೇಲೆ ಮಾತಾಡಲಿ.

ಕಡಿಮೆ ಭಾರದಿಂದ ಮೈ ಕಟ್ಟುತ್ತದೆಯೇ ಎಂಬ ಅನುಮಾನ ಸಹಜ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಒಂದಕ್ಕಿಂತ ಹೆಚ್ಚು ಸಲ ಪರೀಕ್ಷಿಸಿದ್ದಾರೆ. ಹಗುರ ಭಾರವನ್ನು, ಇನ್ನು ಒಂದೂ ಎತ್ತಲಾಗದು ಎನ್ನುವ ತನಕ ಎತ್ತಿದವರ ಸ್ನಾಯು, ಭಾರಿ ತೂಕ ಎತ್ತಿದವರ ಸ್ನಾಯುವಿನಷ್ಟೇ ಬೆಳೆಯಿತು. ಒಂದೇ ಸಲಕ್ಕೆ ಎಷ್ಟು ದೊಡ್ಡ ತೂಕ ಎತ್ತಬಲ್ಲರು ಎನ್ನುವುದರಲ್ಲಿ ಮಾತ್ರ ಭಾರಿ ತೂಕದವರು ಮುಂದೆ. ಅಂದರೆ ಸ್ಪರ್ಧೆಗೆ ಹೋಗಿ ನೂರು ಕಿಲೋ ಎತ್ತುವ ಆಸೆ ಇಲ್ಲದವನಿಗೆ ಮುಖ್ಯವಾಗುವುದು ದಣಿವಿನ ಅಂಚಿಗೆ ಹೋಗುವುದು. ಹದಿನೈದಕ್ಕೆ ನಿಲ್ಲಬೇಕೋ ಇಪ್ಪತ್ತೆಂಟಕ್ಕೆ ನಿಲ್ಲಬೇಕೋ ಎಂಬುದನ್ನು ಮೈಯೇ ಹೇಳುತ್ತದೆ. ಇನ್ನು ಎರಡು ಮಾಡಬಹುದು ಎನಿಸುವಾಗ ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಆ ಎರಡನ್ನೂ ಹೊಡೆಯಲು ಹೋದರೆ ಸೊಂಟ ಕುಸಿದು ಬೆನ್ನಿಗೆ ಪೆಟ್ಟಾಗುವುದೇ ಹೆಚ್ಚು.

ತಳ್ಳುವುದಕ್ಕೆ ನೆಲ ಇದೆ, ಕೂತೇಳುವುದಕ್ಕೆ ಕಾಲಿದೆ. ಎಳೆಯುವುದಕ್ಕೆ ಮಾತ್ರ ರೂಮಿನಲ್ಲಿ ಏನೂ ಇಲ್ಲ. ಓದುವವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ. ದಿನವಿಡೀ ಪುಸ್ತಕದ ಮೇಲೆ ಬಾಗಿ ಭುಜ ಮುಂದಕ್ಕೆ ಬಿದ್ದಿರುತ್ತದೆ. ಅದರ ಮೇಲೆ ಬರೀ ದಂಡ ಹೊಡೆದರೆ ಎದೆ ಬಿಗಿಯುತ್ತದೆ, ಬೆನ್ನು ಸೋತೇ ಇರುತ್ತದೆ. ಕೆಲವರು ಕಿಟಕಿಯ ಸರಳು ಹಿಡಿದು ಜೋತಾಡುತ್ತಾರೆ, ಕೆಲವರು ಬಾಗಿಲ ಮೇಲಂಚು ಹಿಡಿಯುತ್ತಾರೆ. ಎರಡೂ ಬೇಡ. ಬಾಡಿಗೆ ರೂಮಿನ ಪ್ಲೈವುಡ್ ಬಾಗಿಲಿನ ತಿರುಗಣೆ ಮನುಷ್ಯನ ತೂಕ ಹೊರಲು ಹಾಕಿದ್ದಲ್ಲ.

ಇದಕ್ಕೆ ಓದುವವರ ಹತ್ತಿರವೇ ಒಂದು ಸಾಧನ ಇದೆ: ಕಾಲೇಜಿಗೆ ಹಾಕಿಕೊಂಡು ಹೋಗುವ ಬ್ಯಾಗು. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು, ಉಸುಕಿನ ಚೀಲ ಎತ್ತುವುದನ್ನು ನೋಡಿದವರಿಗೆ ಚೀಲದ ಮಹಿಮೆ ಹೇಳಿಕೊಡಬೇಕಿಲ್ಲ. ಬ್ಯಾಗಿನಲ್ಲಿ ಉಸುಕು ತುಂಬುವ ಅಗತ್ಯವೂ ಇಲ್ಲ, ನೀರಿನ ಬಾಟಲಿ ಸಾಕು. ಒಂದು ಲೀಟರ್ ನೀರು ಒಂದು ಕಿಲೋ, ಇದರಲ್ಲಿ ತಕ್ಕಡಿಯೂ ಬೇಕಿಲ್ಲ. ಎರಡು ಲೀಟರಿನ ನಾಲ್ಕು ಬಾಟಲಿ ತುಂಬಿ, ಸುತ್ತ ಒಂದು ಚಾದರ ತುರುಕಿ ಅಲುಗಾಡದಂತೆ ಜಿಪ್ಪು ಎಳೆದರೆ ಎಂಟು ಕಿಲೋ. ಮುಂದಿನ ವಾರ ಅರ್ಧ ಲೀಟರಿನ ಒಂದು ಬಾಟಲಿ ಸೇರಿಸಿದರೆ ಎಂಟೂವರೆ. ಇಷ್ಟು ಸಣ್ಣ ಹೆಜ್ಜೆಯಲ್ಲಿ ತೂಕ ಏರಿಸುವುದು ಎಷ್ಟೋ ಜಿಮ್ಮುಗಳಲ್ಲೂ ಆಗುವುದಿಲ್ಲ.

ಮಾಡುವ ಬಗೆ ಹೀಗೆ. ಒಂದು ಕೈಯನ್ನು ಮಂಚದ ಮೇಲೆ ಊರಿ, ಮಂಡಿ ಸ್ವಲ್ಪ ಮಡಿಸಿ, ಸೊಂಟದಿಂದ ಬಾಗಬೇಕು. ಬೆನ್ನು ಗೂನಾಗಬಾರದು. ಇನ್ನೊಂದು ಕೈಯಿಂದ ಬ್ಯಾಗಿನ ಮೇಲಿನ ಹಿಡಿಕೆ ಹಿಡಿದು, ಮೊಣಕೈ ಪಕ್ಕೆಲುಬಿಗೆ ಸವರಿಕೊಂಡು ಹೋಗುವಂತೆ ಹಿಂದಕ್ಕೆ ಎಳೆಯಬೇಕು. ಮೇಲೆ ಒಂದು ಎಣಿಕೆ ತಡೆದು ನಿಧಾನಕ್ಕೆ ಬಿಡಬೇಕು. ಭುಜದ ಎಲುಬು ಬೆನ್ನಿನ ನಡುವಿಗೆ ಸರಿಯುವುದು ಗೊತ್ತಾಗುತ್ತದೆ. ಒಂದು ಬದಿಗೆ ಹನ್ನೆರಡು, ಇನ್ನೊಂದು ಬದಿಗೆ ಹನ್ನೆರಡು. ಇದೇ ಬ್ಯಾಗನ್ನು ಎದೆಗೆ ಅವಚಿಕೊಂಡು ಬಸ್ಕಿ ಹೊಡೆಯಬಹುದು, ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಬಹುದು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಮೇಲೆ ಹಲವರಿಗೆ ಕಣ್ಣು. ತುಂಬಿದ ಕ್ಯಾನಿಗೆ ಸರಿಯಾದ ಹಿಡಿತ ಇಲ್ಲ. ಕೈ ಬೆವರಿದಾಗ ಜಾರಿ ಕಾಲ ಮೇಲೆ ಬಿದ್ದರೆ ಪರೀಕ್ಷೆಯ ವರ್ಷವೇ ಹೋಗುತ್ತದೆ.

ಉಸಿರು ಏರಿಸುವ ವ್ಯಾಯಾಮಕ್ಕೆ ರೂಮು ಅಷ್ಟು ಒದಗುವುದಿಲ್ಲ. ಜಿಗಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಮೊಬೈಲಿನಲ್ಲಿ ಟಬಾಟಾ ಎಂದು ಬರುವ ನಾಲ್ಕು ನಿಮಿಷದ ವಿಡಿಯೊಗಳು ಹುಡುಗರಿಗೆ ಬಹಳ ಪ್ರಿಯ. ಜಪಾನಿನ ಇಜುಮಿ ಟಬಾಟಾ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಯಾಮ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ. ಇಪ್ಪತ್ತು ಸೆಕೆಂಡು ಕಸುವೆಲ್ಲ ಹಾಕಿ ತುಳಿತ, ಹತ್ತು ಸೆಕೆಂಡು ಬಿಡುವು, ಹೀಗೆ ಏಳೆಂಟು ಸುತ್ತು. ಕೊನೆಯ ಸುತ್ತಿಗೆ ಆಳು ಕುಸಿಯಬೇಕು, ಅಷ್ಟು ಕಠಿಣ. ಕೈ ಬೀಸುತ್ತ ನಾಲ್ಕು ನಿಮಿಷ ಕುಣಿದರೆ ಆ ಫಲ ಬರುವುದಿಲ್ಲ. ಅದರ ಬದಲು ಸೂರ್ಯನಮಸ್ಕಾರ ಎಷ್ಟೋ ವಾಸಿ. ಚಾಪೆಯ ಅಗಲ ದಾಟುವುದಿಲ್ಲ, ಸದ್ದಿಲ್ಲ, ಹನ್ನೆರಡು ಸುತ್ತನ್ನು ಬಿಡದೆ ಮಾಡಿದರೆ ಹಣೆ ಬೆವರುತ್ತದೆ. ಅದಾದ ಮೇಲೆ ಮೆಟ್ಟಿಲು. ಮೂರು ಮಹಡಿಯ ಪಿಜಿಯಲ್ಲಿ ಇರುವವರು ಎಂಟು ಹತ್ತು ಸಲ ಹತ್ತಿ ಇಳಿದರೆ ಅದೇ ದೊಡ್ಡ ದುಡಿತ. ಹತ್ತುವಾಗ ಜೋರು, ಇಳಿಯುವಾಗ ನಿಧಾನ. ಮಂಡಿನೋವು ಬರುವುದು ಇಳಿಯುವ ಅವಸರದಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ದುಡಿತ, ಅಥವಾ 75ರಿಂದ 150 ನಿಮಿಷ ಜೋರಿನದು. ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ. ಮೊದಲು ಒಂದೊಂದು ಸಲವೂ ಕನಿಷ್ಠ ಹತ್ತು ನಿಮಿಷ ಮಾಡಿದ್ದರೆ ಮಾತ್ರ ಲೆಕ್ಕಕ್ಕೆ ಎನ್ನುತ್ತಿದ್ದರು. 2020ರ ಮಾರ್ಗಸೂಚಿಯಲ್ಲಿ ಆ ಕಟ್ಟು ತೆಗೆದುಹಾಕಿದರು. ಓದುವವರಿಗೆ ಇದು ಬಹಳ ಒಳ್ಳೆಯ ಸುದ್ದಿ. ಖಾನಾವಳಿಗೆ ನಡೆದು ಹೋದದ್ದು, ಲೈಬ್ರರಿಯ ಮೆಟ್ಟಿಲು ಹತ್ತಿದ್ದು, ಒಂದು ಅಧ್ಯಾಯ ಮುಗಿಸಿ ಎದ್ದು ಹದಿನೈದು ಬಸ್ಕಿ ಹೊಡೆದದ್ದು, ಎಲ್ಲವೂ ಸೇರುತ್ತವೆ.

ಆದರೂ ರೂಮಿನಿಂದ ಆಗದ್ದನ್ನು ಆಗುತ್ತದೆ ಎಂದು ಹೇಳಬಾರದು. ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗನ ಮುಂದೆ 1600 ಮೀಟರ್ ಓಟ ಇರುತ್ತದೆ, ಹುಡುಗಿಯ ಮುಂದೆ 400 ಮೀಟರ್. ಓಟ ಓಡಿಯೇ ಬರಬೇಕು. ಅದಕ್ಕೆ ಮೈದಾನಕ್ಕೇ ಹೋಗಬೇಕು. ರೂಮಿನ ಬಸ್ಕಿ, ಒಂಟಿಕಾಲಿನ ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವ ಸರಳ ವ್ಯಾಯಾಮ ಕಾಲನ್ನು ಆ ಓಟಕ್ಕೆ ಅಣಿ ಮಾಡುತ್ತವೆ. ಹಲವು ತಿಂಗಳು ಕೂತಿದ್ದು ನೇಮಕಾತಿಯ ಪ್ರಕಟಣೆ ಬಂದ ಮರುದಿನವೇ ಮೈದಾನಕ್ಕೆ ಇಳಿದು ಮೊಣಕಾಲ ಕೆಳಗಿನ ಎಲುಬು ನೋಯಿಸಿಕೊಳ್ಳುವವರು ಬಹಳ. ಜೂನಿನಿಂದ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಮೈದಾನ ವಾರಗಟ್ಟಲೆ ಕೆಸರು. ಆಗ ರೂಮಿನ ಅಭ್ಯಾಸ ಇದ್ದವನ ಕಾಲು ಸೋತಿರುವುದಿಲ್ಲ.

ಹುಡುಗಿಯರ ಸಂಗತಿ ಬೇರೆ. ನಸುಕಿನಲ್ಲಿ ಒಬ್ಬಳೇ ಮೈದಾನಕ್ಕೆ ಹೋಗಬೇಡ ಎಂದು ಮನೆಯವರು, ಸಂಜೆ ಕತ್ತಲಾಗುವ ಹೊತ್ತಿಗೆ ಗೇಟು ಹಾಕುವ ಹಾಸ್ಟೆಲ್ಲು, ದುರುಗುಟ್ಟಿ ನೋಡುವವರಿರುವ ಜಿಮ್ಮು. ಅವರ ಪಾಲಿಗೆ ಈ ಎರಡೂವರೆ ಅಡಿ ಎಷ್ಟೋ ಸಲ ಉಳಿದಿರುವ ಒಂದೇ ಜಾಗ. ಹುಡುಗಿಯರಿಗೆ ನಾಲ್ಕು ಆಸನ ಸಾಕು, ಭಾರ ಬೇಡ ಎನ್ನುವ ಮಾತು ಇನ್ನೂ ಓಡಾಡುತ್ತಿದೆ, ಅದು ತಪ್ಪು. ಎಲುಬಿನ ಗಟ್ಟಿತನ ಹೆಚ್ಚಿನ ಮಟ್ಟಿಗೆ ಕೂಡಿಬರುವುದು ಮೂವತ್ತರ ಒಳಗೆ. ಭಾರ ಹೊರುವ ವ್ಯಾಯಾಮ ಅದಕ್ಕೆ ನೆರವಾಗುತ್ತದೆ. ಬ್ಯಾಗಿನ ಎಂಟು ಕಿಲೋ ಅವರಿಗೂ ಅಷ್ಟೇ ಬೇಕು. ಮೊದಲ ದಿನ ನೆಲದ ಮೇಲೆ ಒಂದು ಪುಷ್‌ಅಪ್ ಆಗದಿದ್ದರೆ ಟೇಬಲ್ಲಿನ ಅಂಚಿನಿಂದ ಶುರು ಮಾಡಿದರೆ ಆಯಿತು.

ಯಾವಾಗ ಮಾಡಬೇಕು ಎಂಬುದನ್ನು ಪಿಜಿಯಲ್ಲಿ ತೀರ್ಮಾನಿಸುವುದು ಬಚ್ಚಲುಮನೆ. ಸೋಲಾರ್ ನೀರು ಬೆಳಿಗ್ಗೆ ಮೊದಲು ಹೋದವರಿಗೆ ಮಾತ್ರ ಬಿಸಿ. ವ್ಯಾಯಾಮ ಮಾಡಿ ಬೆವರಿ ನಿಂತಾಗ ಒಳಗೆ ಒಬ್ಬ, ಹೊರಗೆ ಇಬ್ಬರು ಇದ್ದರೆ ಮರುದಿನದ ಉತ್ಸಾಹವೇ ಇಳಿದುಹೋಗುತ್ತದೆ. ಆದ್ದರಿಂದ ನನ್ನ ಸರದಿ ಎಷ್ಟು ಹೊತ್ತಿಗೆ ಎಂದು ಮೊದಲು ಗೊತ್ತು ಮಾಡಿಕೊಂಡು, ಅದಕ್ಕೆ ಮೂವತ್ತು ನಿಮಿಷ ಹಿಂದೆ ಚಾಪೆ ಹಾಸುವುದು ಜಾಣತನ. ಜೊತೆಗಾರ ಮಲಗಿದ್ದರೆ ಲೈಟು ಹಾಕದೆ ಮಾಡಬಹುದಾದದ್ದು ಬಹಳವಿದೆ. ನಿಧಾನದ ಬಸ್ಕಿಗೆ ಸದ್ದಿಲ್ಲ. ಬೆನ್ನ ಮೇಲೆ ಮಲಗಿ, ಪಾದ ಊರಿ ಸೊಂಟ ಎತ್ತುವ ಸೇತುಬಂಧಕ್ಕೂ ಇಲ್ಲ. ಮುಂಗೈ ಊರಿ ಮೈಯನ್ನು ಹಲಗೆಯಂತೆ ಹಿಡಿಯುವುದಕ್ಕೂ ಇಲ್ಲ. ಆದರೆ ಕೇಳದೆ ಮಾಡಬಾರದು. ಕಿಟಕಿ ತೆರೆಯುವುದು, ಫ್ಯಾನು, ಬೆವರಿದ ಅಂಗಿಯನ್ನು ಎಲ್ಲಿ ಹಾಕುವುದು, ಮೂವರ ರೂಮಿನಲ್ಲಿ ಜಗಳ ಹುಟ್ಟುವುದು ಇಂಥವುಗಳಿಂದ. ಒಂದೇ ಸಂದಿನಲ್ಲಿ ಸರದಿ ಹಾಕಿಕೊಂಡು, ಒಬ್ಬ ಮಾಡುವಾಗ ಇನ್ನೊಬ್ಬ ಮಂಚದ ಮೇಲೆ ಕೂತು ಎಣಿಸಿದರೆ ಇಬ್ಬರಿಗೂ ನಡುವಿನ ಬಿಡುವು ತಾನಾಗಿಯೇ ಸಿಗುತ್ತದೆ. ಗರಡಿಯಲ್ಲೂ ಎಣಿಸುವವನೊಬ್ಬ ಇದ್ದರೆ ಹೊಡೆಯುವವನು ಕಳ್ಳತನ ಮಾಡುವುದಿಲ್ಲ.

ವಾರಕ್ಕೆ ಮೂರು ದಿನ ಹೀಗೆ ಸಾಕು: ಸೋಮ, ಬುಧ, ಶುಕ್ರ. ಎರಡು ನಿಮಿಷ ಕೈಕಾಲು ಸಡಿಲಿಸಿ, ಬಸ್ಕಿ, ಪುಷ್‌ಅಪ್, ಬ್ಯಾಗಿನ ಎಳೆತ, ಸೇತುಬಂಧ, ಹಲಗೆ. ಇದೊಂದು ಸುತ್ತು, ಇಂಥವು ಮೂರು. ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ದಿನ ನಡಿಗೆ, ಮೆಟ್ಟಿಲು, ಸೂರ್ಯನಮಸ್ಕಾರ. ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು, ಎಣಿಕೆ, ಬ್ಯಾಗಿನ ಲೀಟರು ಬರೆದಿಡಬೇಕು. ಹೋದ ವಾರಕ್ಕಿಂತ ಒಂದಾದರೂ ಹೆಚ್ಚಿದೆಯೇ ಎಂದು ನೋಡಲು ಅದೊಂದೇ ದಾರಿ. ಎದೆ ಹಿಡಿದಂತೆ ಆದರೆ, ತಲೆ ತಿರುಗಿದರೆ, ಕೀಲು ಚುಚ್ಚಿದಂತೆ ನೊಂದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮರುದಿನದ ಮೈಕೈ ನೋವು ಬೇರೆ, ಅದು ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಪ್ರೋಟೀನ್ ಪುಡಿಯ ಡಬ್ಬಿಯ ಬಗ್ಗೆ ಹುಡುಗರು ಕೇಳದೆ ಬಿಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರಮಾಣ ಮೈತೂಕದ ಕಿಲೋಗೆ 0.83 ಗ್ರಾಂ. ಅರವತ್ತು ಕಿಲೋದವನಿಗೆ ದಿನಕ್ಕೆ ಐವತ್ತು ಗ್ರಾಂ. ಮೈ ಕಟ್ಟಬೇಕು ಎನ್ನುವವರಿಗೆ ಕಿಲೋಗೆ 1.2ರಿಂದ 1.6 ಗ್ರಾಂ ಬೇಕಾಗುತ್ತದೆ, ಅಂದರೆ 72ರಿಂದ 96. ಖಾನಾವಳಿಯ ಊಟವನ್ನು ಕೀಳಾಗಿ ನೋಡಬೇಡಿ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು ಸೇರಿದ ತಟ್ಟೆ ಬಹಳ ಒಳ್ಳೆಯದು. ಪಲ್ಯ ಎರಡನೇ ಸಲ ಹಾಕಿಸಿಕೊಳ್ಳಲು ನಾಚಬಾರದು ಅಷ್ಟೇ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಪುಟಾಣಿಯಲ್ಲಿ 20ರ ಆಸುಪಾಸು, ಒಂದು ಮೊಟ್ಟೆಯಲ್ಲಿ ಆರು. ಒಣ ಸೋಯಾ ಚಂಕ್ಸ್ ಐವತ್ತು ಗ್ರಾಂ ನೆನೆಸಿದರೆ 25 ಗ್ರಾಂ ಸಿಕ್ಕಿತು. ರಾತ್ರಿ ಒಂದು ಹಿಡಿ ಕಡಲೆ ಅಥವಾ ಹೆಸರುಕಾಳು ನೆನೆಹಾಕಿ ಬೆಳಿಗ್ಗೆ ತಿನ್ನುವುದು ಪೈಲ್ವಾನರ ಹಳೆಯ ರೂಢಿ. ಅದಕ್ಕೆ ಬೇಕಾದದ್ದು ಒಂದು ಸ್ಟೀಲ್ ಡಬ್ಬಿ.

ಪರೀಕ್ಷೆ ಹತ್ತಿರ ಬಂದಾಗ ಮೊದಲು ಕೈಬಿಡುವುದು ವ್ಯಾಯಾಮ, ಎರಡನೆಯದು ನಿದ್ದೆ. ಓದು ತಲೆಗೆ ಹತ್ತಲು ಎರಡೂ ಬೇಕು ಎಂಬುದು ಆ ಹೊತ್ತಿಗೆ ನೆನಪಿರುವುದಿಲ್ಲ. ಪೂರ್ತಿ ಬಿಡುವ ಬದಲು ಅರ್ಧ ಮಾಡಿಕೊಳ್ಳಿ. ಮೂರು ಸುತ್ತಿನ ಜಾಗದಲ್ಲಿ ಒಂದು ಸುತ್ತು, ವಾರಕ್ಕೆ ಎರಡು ದಿನ. ಬಂದ ಕಸುವನ್ನು ಉಳಿಸಿಕೊಳ್ಳಲು ಕೆಲವು ವಾರ ಅಷ್ಟೇ ಸಾಕಾಗುತ್ತದೆ. ಹೊಸದಾಗಿ ಬೆಳೆಸಲಷ್ಟೇ ಹೆಚ್ಚು ಬೇಕು.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಮೊಬೈಲು ಇಲ್ಲದ ಕಾಲದಲ್ಲೇ ಅಂಚೆಯ ಮೂಲಕ ವ್ಯಾಯಾಮ ಕಲಿಸುತ್ತಿದ್ದರು. ಕಾಗದದಲ್ಲಿ ಬಂದ ಪಾಠವನ್ನು ದೂರದೂರಿನ ಶಿಷ್ಯ ತನ್ನ ಮನೆಯಲ್ಲೇ ಸಾಧಿಸಿಕೊಳ್ಳಬೇಕಿತ್ತು. ಇಂದಿನ ಹುಡುಗನ ಮೊಬೈಲಿನಲ್ಲಿ ಪಾಠಗಳು ಬೇಕಾದ್ದಕ್ಕಿಂತ ಹೆಚ್ಚಿವೆ. ಒಂದನ್ನು ಆರಿಸಿ ಮೂರು ತಿಂಗಳು ಅದಕ್ಕೇ ಅಂಟಿಕೊಳ್ಳಬೇಕು.

ವಿದ್ಯಾರ್ಥಿವೇತನ ಬಂತು, ಸ್ವಲ್ಪ ಖರ್ಚು ಮಾಡಬಹುದು ಎನ್ನುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ದಪ್ಪನೆಯ ಒಂದು ಜಮಖಾನೆ. ಟೈಲ್ಸ್ ಮೇಲೆ ಮಡಚಿ ಹಾಸಿದರೆ ಮೊಣಕೈ, ಬೆನ್ನೆಲುಬು ಒತ್ತುವುದಿಲ್ಲ, ಒಗೆದು ಒಣಹಾಕಬಹುದು. ಜಾರದಂತೆ ಅದರ ಅಂಚನ್ನು ಮಂಚದ ಕಾಲಿನ ಕೆಳಗೆ ಸಿಕ್ಕಿಸಿಡಿ. ಆಮೇಲೆ ಎಳೆಯುವ ರಬ್ಬರ್ ಪಟ್ಟಿ. ಬ್ಯಾಗು ಮಾಡದ ಕೆಲಸವನ್ನು, ಅಂದರೆ ಮೇಲಿನಿಂದ ಕೆಳಕ್ಕೆ ಎಳೆಯುವುದನ್ನು ಅದು ಮಾಡುತ್ತದೆ. ಕಿಟಕಿಯ ಸರಳಿಗೆ ಮೈಯ ಭಾರ ಹಾಕಬಾರದು ನಿಜ, ಪಟ್ಟಿಯ ಎಳೆತವನ್ನು ಗಟ್ಟಿ ಸರಳು ತಡೆಯುತ್ತದೆ, ಆದರೂ ಮೊದಲು ಅಲುಗಾಡಿಸಿ ನೋಡಿ. ಓಡುವವರು ಇವೆರಡಕ್ಕಿಂತ ಮೊದಲು ಒಳ್ಳೆಯ ಬೂಟು ತೆಗೆದುಕೊಳ್ಳಲಿ. ಡಂಬೆಲ್ಲು ಬೇಡ. ರೂಮು ಬದಲಿಸುವಾಗ ಅದನ್ನು ಹೊತ್ತು ಮೂರು ಮಹಡಿ ಇಳಿಸಬೇಕಾಗುತ್ತದೆ, ಬಾಟಲಿಯ ನೀರನ್ನಾದರೆ ಚೆಲ್ಲಿ ಹೋಗಬಹುದು.